ಭಾನುವಾರದೊಳಗೆ ಹದಿನೈದು ಲಕ್ಷ

ಪ್ರಶ್ನೆ: ನಾನು, ನಮ್ಮವರು ಇಬ್ಬರೂ ಕೆಲಸದಲ್ಲಿದ್ದೇವೆ. ಕೈಗೆ ಬರುವುದು ಅವರಿಗೆ 95,000, ನನಗೆ 55,000. ಬೆಂಗಳೂರಿನ ಹನುಮಂತನಗರದಲ್ಲಿ 24,000 ಬಾಡಿಗೆಯ ಮನೆ. ಐದು ವರ್ಷದ ಮಗಳಿದ್ದಾಳೆ. ಒಂದೂವರೆ ವರ್ಷದಿಂದ ಫ್ಲಾಟ್ ಹುಡುಕುತ್ತಿದ್ದೇವೆ. ಎರಡು ಕೈತಪ್ಪಿದವು. ಒಂದನ್ನು ನಾವು ‘ನಾಳೆ ಹೇಳ್ತೀವಿ’ ಅಂದ ದಿನವೇ ಬೇರೆಯವರು ಬುಕ್ ಮಾಡಿದರು. ಇನ್ನೊಂದರ ಬೆಲೆ ಶನಿವಾರದಿಂದ ಬುಧವಾರಕ್ಕೆ ಆರು ಲಕ್ಷ ಏರಿತು. ಎರಡು ಸಲವೂ ‘ಇನ್ನೊಮ್ಮೆ ಯೋಚಿಸೋಣ’ ಅಂದವಳು ನಾನು. ‘ನಿನ್ನಿಂದಲೇ ಹೋಯ್ತು’ ಅಂತ ಅವರು ಒಮ್ಮೆ ಹೇಳಿದರು. ಈಗ ತಲಘಟ್ಟಪುರದ ಹತ್ತಿರ ಹೊಸದಾಗಿ ಕಟ್ಟಿ ಮುಗಿಸಿದ ಅಪಾರ್ಟ್‌ಮೆಂಟಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ನೋಡಿದ್ದೇವೆ. ಬೆಲೆ 98 ಲಕ್ಷ. ಜಿಎಸ್‌ಟಿ, ನೋಂದಣಿ ಖರ್ಚು ಬೇರೆ. ಇನ್ನೂ ಯಾರೂ ವಾಸಕ್ಕೆ ಬಂದಿಲ್ಲ, ಓಸಿ (ವಾಸಕ್ಕೆ ಯೋಗ್ಯ ಅಂತ ಕೊಡುವ ಸರ್ಕಾರಿ ಪ್ರಮಾಣಪತ್ರ) ಮುಂದಿನ ತಿಂಗಳು ಬರುತ್ತದಂತೆ. ಮೂರೇ ಉಳಿದಿವೆ, ಭಾನುವಾರದೊಳಗೆ 15 ಲಕ್ಷ ಕಟ್ಟಿ, ಅಗ್ರಿಮೆಂಟ್ ಆಮೇಲೆ ಮಾಡಿಕೊಳ್ಳೋಣ ಅಂತ ಬಿಲ್ಡರ್ ಕಡೆಯವರು ಅನ್ನುತ್ತಿದ್ದಾರೆ. ನಮ್ಮ ಉಳಿತಾಯ 22 ಲಕ್ಷ. ಕಡಿಮೆ ಬೀಳುವುದಕ್ಕೆ ಮಾವ ತಿಪಟೂರಿನ ಹತ್ತಿರ ಇರುವ ತೆಂಗಿನ ತೋಟದಲ್ಲಿ ಒಂದು ಭಾಗ ಮಾರುತ್ತೇನೆ ಅಂದಿದ್ದಾರೆ. ಅದು ಪಿತ್ರಾರ್ಜಿತ. ನಾದಿನಿಗೆ ಇನ್ನೂ ವಿಷಯ ಗೊತ್ತಿಲ್ಲ. ನನಗೆ ಬೇಡ ಅನ್ನಿಸುತ್ತಿದೆ. ಆದರೆ ಬಾಯಿ ಬಿಡಲು ಭಯ. ಇನ್ನೊಂದು ಮಾತು. ಎರಡನೇ ಮಗು ಬೇಕು, ಆಗ ಒಂದು ವರ್ಷ ಕೆಲಸ ಬಿಡಬೇಕು ಅಂತ ಮನಸ್ಸಿನಲ್ಲಿದೆ. ಇದನ್ನು ಅವರಿಗೆ ಹೇಳಿಲ್ಲ.

ಪ್ರಿಯ ಸೋದರಿ,

ನಿಮ್ಮ ಗಡುವು ಹತ್ತಿರ ಇದ್ದುದರಿಂದ ಈ ಉತ್ತರವನ್ನು ನಿಮಗೆ ಮೊದಲೇ ಮೇಲ್ ಮಾಡಿದ್ದೆ. ಇಂಥದ್ದೇ ಸಂಕಟದಲ್ಲಿರುವ ಇನ್ನೂ ಕೆಲವರು ಬರೆದಿದ್ದಾರೆ, ಅವರಿಗೂ ಇರಲಿ ಅಂತ ಇಲ್ಲೂ ಹಾಕುತ್ತಿದ್ದೇನೆ.

ಮೊದಲು ಆ ‘ನಿನ್ನಿಂದಲೇ ಹೋಯ್ತು’ ಅನ್ನುವ ಮಾತು. ಅದು ತಪ್ಪು ಮಾತು. ಹಿಂದಿನ ಎರಡು ಫ್ಲಾಟ್ ನಿಮ್ಮಿಂದ ಹೋಗಲಿಲ್ಲ. ಒಂದು ರಾತ್ರಿ ಯೋಚಿಸಲೂ ಬಿಡದ ವ್ಯಾಪಾರದಿಂದ ಹೋದವು. ಕೋಟಿ ಹತ್ತಿರದ ಹಣ ಹಾಕುವ ಮುಂಚೆ ‘ಇನ್ನೊಮ್ಮೆ ನೋಡೋಣ’ ಅಂದವರು ಮನೆಗೆ ಕೆಟ್ಟದ್ದು ಮಾಡಿದಂತಲ್ಲ. ನಿಮ್ಮವರು ಬೇಜಾರಿನಲ್ಲಿ ಆಡಿದ್ದಾರೆ, ಅದು ನನಗೆ ಅರ್ಥವಾಗುತ್ತದೆ. ಜೊತೆಗೆ ಕೆಲಸ ಮಾಡುವವರೆಲ್ಲ ಗೃಹಪ್ರವೇಶದ ಕಾರ್ಡ್ ಕೊಡುತ್ತಿರುವಾಗ ತಾನೊಬ್ಬನೇ ಹಿಂದೆ ಉಳಿದೆ ಅನ್ನಿಸುವುದು ಸಣ್ಣ ನೋವಲ್ಲ. ಆದರೆ ಆ ಒಂದು ಮಾತು ನಿಮ್ಮ ಬಾಯಿ ಕಟ್ಟಿಬಿಟ್ಟಿದೆ. ನೀವು ಹೆದರುತ್ತಿರುವುದು ಫ್ಲಾಟಿಗಲ್ಲ. ಮೂರನೆಯದೂ ತಪ್ಪಿದರೆ ಮತ್ತೆ ನನ್ನ ತಲೆಗೇ ಬರುತ್ತದಲ್ಲಾ ಅಂತ ಹೆದರಿದ್ದೀರಿ. ಆ ಭಯದಲ್ಲಿ ಹೂಂ ಅಂದುಬಿಟ್ಟರೆ, 20 ವರ್ಷ ಕಂತು ಕಟ್ಟುವಾಗ ಪ್ರತಿ ತಿಂಗಳೂ ಅದು ಚುಚ್ಚುತ್ತದೆ.

ಈಗ ಆ ಫ್ಲಾಟಿನ ವಿಷಯ. ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಅವರು ಕೇಳುತ್ತಿರುವ ರೀತಿಯಲ್ಲಿ ಭಾನುವಾರ ಹಣ ಕಟ್ಟಬೇಡಿ.

ಕಾರಣ ಒಂದೇ ಸಾಕು. ಬರವಣಿಗೆಯಲ್ಲಿ ಮಾರಾಟದ ಕರಾರು ಮಾಡಿ ನೋಂದಣಿ ಮಾಡಿಸದೆ, ಫ್ಲಾಟಿನ ಬೆಲೆಯ ಶೇ 10ಕ್ಕಿಂತ ಜಾಸ್ತಿ ಹಣವನ್ನು ಬಿಲ್ಡರ್ ತೆಗೆದುಕೊಳ್ಳುವಂತಿಲ್ಲ. ಇದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 13ನೇ ಸೆಕ್ಷನ್. 98 ಲಕ್ಷಕ್ಕೆ ಶೇ 10 ಅಂದರೆ 9 ಲಕ್ಷ 80 ಸಾವಿರ. ಅವರು ಕೇಳುತ್ತಿರುವುದು 15 ಲಕ್ಷ, ಅದೂ ಅಗ್ರಿಮೆಂಟ್ ಇಲ್ಲದೆ. ಹಣ ತೆಗೆದುಕೊಳ್ಳುವ ಮೊದಲ ಹೆಜ್ಜೆಯಲ್ಲೇ ಕಾನೂನು ಬದಿಗಿಡುವವರು, ನಾಳೆ ಪಾರ್ಕಿಂಗ್ ಜಾಗಕ್ಕೆ, ಸೋರುವ ಗೋಡೆಗೆ, ನಿರ್ವಹಣೆಯ ಲೆಕ್ಕಕ್ಕೆ ಹೇಗೆ ನಡೆದುಕೊಂಡಾರು? ನಾನಾಗಿದ್ದರೆ ಅಲ್ಲೇ ಎದ್ದು ಬರುತ್ತಿದ್ದೆ.

ಇನ್ನು ಆ ‘ಮುಂದಿನ ತಿಂಗಳು ಬರುವ’ ಓಸಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮ ಮನೆಯಲ್ಲೇ ಇದನ್ನು ಅನುಭವಿಸಿದ್ದೇವೆ. ನನ್ನ ತಮ್ಮ 2013ರಲ್ಲಿ ಫ್ಲಾಟ್ ತೆಗೆದುಕೊಂಡ. ಅವನಿಗೂ ಓಸಿ ಮುಂದಿನ ತಿಂಗಳು ಅಂತಲೇ ಹೇಳಿದ್ದರು. ಕಟ್ಟಡ ನಕ್ಷೆಯಲ್ಲಿ ಇದ್ದ ಹಾಗೆ ಕಟ್ಟಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಇವತ್ತಿಗೂ ಓಸಿ ಬಂದಿಲ್ಲ. ಹಾಗಾಗಿ ಕಾವೇರಿ ಸಂಪರ್ಕವೂ ಇಲ್ಲ, ಬೋರ್‌ವೆಲ್ಲೇ ಗತಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ, ತಮ್ಮನ ಹೆಂಡತಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟ್ಯಾಂಕರಿನವನಿಗೆ ಫೋನ್ ಮಾಡುತ್ತಾ ಕೂರುತ್ತಿದ್ದಳು. ಮಾರೋಣ ಅಂದರೆ ಬಂದವರೆಲ್ಲ ಮೊದಲು ಕೇಳುವುದೇ ಓಸಿ.

ಈಗ ಕಾಲ ಇನ್ನೂ ಬಿಗಿಯಾಗಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಓಸಿ ನೋಡಿದ ಮೇಲೆಯೇ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. ಇದರಿಂದ 2025ರಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಜನ ಮನೆ ಕಟ್ಟಿಯೂ ಬೆಸ್ಕಾಂ ಮೀಟರ್ ಇಲ್ಲದೆ ಪರದಾಡಿದರು. ನೀವು ನೋಡಿದ ಫ್ಲಾಟಿನಲ್ಲಿ ಲೈಟು ಉರಿಯುತ್ತಿರಬಹುದು, ಲಿಫ್ಟ್ ಓಡುತ್ತಿರಬಹುದು. ಅದು ಕಟ್ಟುವ ಕೆಲಸಕ್ಕೆ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕವೋ, ಜನರೇಟರೋ ಅಂತ ಕೇಳಿದ್ದೀರಾ?

ಓಸಿಗೆ ಕಾಯುವುದರಲ್ಲಿ ನಿಮಗೆ ಇನ್ನೊಂದು ಲಾಭ ಇದೆ. ಸೇಲ್ಸ್ ಆಫೀಸಿನವರು ಇದನ್ನು ತಾವಾಗಿ ಹೇಳುವುದಿಲ್ಲ. ಓಸಿ ಬರುವ ಮುಂಚೆ ಹಣ ಕೊಟ್ಟರೆ ಶೇ 5 ಜಿಎಸ್‌ಟಿ. ಓಸಿ ಬಂದ ಮೇಲೆಯೇ ಮೊದಲ ರೂಪಾಯಿಯಿಂದ ಕೊನೆಯ ರೂಪಾಯಿವರೆಗೆ ಕೊಟ್ಟರೆ ಜಿಎಸ್‌ಟಿ ಇಲ್ಲವೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಅದು 4 ಲಕ್ಷ 90 ಸಾವಿರ. ಮುಂದಿನ ತಿಂಗಳು ಬರುವುದು ನಿಜವೇ ಆದರೆ, ಒಂದು ತಿಂಗಳು ಕಾಯುವುದಕ್ಕೆ ಇಷ್ಟು ಹಣ ಉಳಿಯುತ್ತದೆ. ಅದಕ್ಕೇ, ‘ಸುಮ್ನೆ ಒಂದು ಲಕ್ಷ ಟೋಕನ್ ಕೊಟ್ಟಿರಿ’ ಅಂದರೂ ಒಪ್ಪಬೇಡಿ. ಅಷ್ಟರಲ್ಲಿ ಅವರು ಬೆಲೆ ಏರಿಸಬಹುದು, ಬೇರೆಯವರಿಗೆ ಮಾರಬಹುದು. ಹೌದು, ಆ ಅಪಾಯ ಇದೆ. ಇದ್ದರೂ ನನ್ನ ಮಾತು ಬದಲಾಗುವುದಿಲ್ಲ.

ನೀವು ಬರೆಯದಿದ್ದರೂ ನಾನು ಕೂಡಿ ನೋಡಿದ ಒಂದು ಲೆಕ್ಕ ಇದೆ. ಸಾಲ 30 ಲಕ್ಷ ದಾಟಿ 75 ಲಕ್ಷದವರೆಗೆ ಇದ್ದರೆ ಬ್ಯಾಂಕು ಮನೆ ಬೆಲೆಯ ಶೇ 80ರಷ್ಟು ಕೊಡಬಹುದು, ಅದು ದಾಟಿದರೆ ಶೇ 75 ಮಾತ್ರ. ಇದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ನಿಮಗೆ ಹೆಚ್ಚೆಂದರೆ 75 ಲಕ್ಷ ಸಿಕ್ಕೀತು. ಕೈಯಿಂದ 23 ಲಕ್ಷ ಹಾಕಬೇಕು. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು 2 ಆಗಿದೆ. ಇವೆಲ್ಲ ಸೇರಿ ಏಳು ಲಕ್ಷಕ್ಕೂ ಜಾಸ್ತಿ. ಜಿಎಸ್‌ಟಿ ಬಂದರೆ ಇನ್ನೊಂದು ಐದು. ಅಡುಗೆಮನೆಗೆ ಕಪಾಟು, ಕಿಟಕಿಗೆ ಜಾಲರಿ, ಫ್ಯಾನು, ಗೀಸರ್ ಅಂತ ನಾಲ್ಕೈದು ಲಕ್ಷ ಹೇಗೂ ಹೋಗುತ್ತದೆ. ಒಟ್ಟು ಹೆಚ್ಚುಕಡಿಮೆ 40 ಲಕ್ಷ. ನಿಮ್ಮ ಬಳಿ ಇರುವುದು 22. ಆ 18 ಲಕ್ಷದ ಗುಂಡಿ ಮುಚ್ಚಲು ಮಾವನ ತೋಟ ಹೋಗುತ್ತಿದೆ.

ಆ ತೋಟದ ಬಗ್ಗೆ ಓದುವಾಗ ನನಗೆ ಸಂಕಟವಾಯಿತು. ತಿಪಟೂರಿನ ಕಡೆಯವರಿಗೆ ತೆಂಗಿನ ಮರ ಅಂದರೆ ಏನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನೀರು ಹಾಯಿಸಿ, ಮಗುವಿನ ಹಾಗೆ ಸಾಕಿ, ವರ್ಷಗಟ್ಟಲೆ ಕಾದ ಮೇಲೆ ಫಲ ಬಿಡುವ ಮರ ಅದು. ಮಗ ಬೆಂಗಳೂರಿನಲ್ಲಿ ನೆಲೆ ನಿಲ್ಲಲಿ ಅಂತ ಅವರು ಮನಸಾರೆ ಕೊಡುತ್ತಿರಬಹುದು. ಅಪ್ಪಂದಿರು ಹಾಗೇ. ಕೇಳಿದರೆ ಇಲ್ಲ ಅನ್ನುವುದಿಲ್ಲ, ಬೇಜಾರಾದರೆ ತೋರಿಸುವುದೂ ಇಲ್ಲ. ಅದಕ್ಕೇ ನಾವು ಕೇಳುವಾಗ ಎರಡು ಸಲ ಯೋಚಿಸಬೇಕು.

ಇನ್ನೊಂದು ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾದಿನಿಗೆ ಹೇಳಿಲ್ಲ ಅಂತ. ತೋಟ ಪಿತ್ರಾರ್ಜಿತವೇ ಆಗಿದ್ದರೆ ಅದರಲ್ಲಿ ಅವಳಿಗೂ ಅಣ್ಣನಷ್ಟೇ ಪಾಲಿದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮದುವೆಯಾಗಿ ಹೋದ ಮಗಳೂ ಮಗನ ಸಮ. ತೋಟ ನಿಮ್ಮ ಮಾವನಿಗೆ ಯಾವ ರೀತಿ ಬಂತು ಅನ್ನುವುದನ್ನು ವಕೀಲರು ಪತ್ರ ನೋಡಿ ಹೇಳಬೇಕು. ಆದರೆ ಅವಳ ಒಪ್ಪಿಗೆ ಇಲ್ಲದೆ, ಸಹಿ ಇಲ್ಲದೆ ಮಾರಿದರೆ, ನಾಳೆ ಕೋರ್ಟಿಗೆ ಹೋಗುವ ದಾರಿ ಅವಳಿಗೆ ತೆರೆದೇ ಇರುತ್ತದೆ. ಅವಳು ಹೋಗದಿರಬಹುದು. ಹೋಗದೆ, ಮುಂದಿನ ಗೌರಿ ಹಬ್ಬಕ್ಕೆ ತವರಿಗೆ ಬರುವುದನ್ನು ನಿಲ್ಲಿಸಬಹುದು. ಈ ಎರಡನೆಯದೇ ನನಗೆ ದೊಡ್ಡದಾಗಿ ಕಾಣುತ್ತದೆ. ಮೊದಲು ಅವಳಿಗೆ ಹೇಳಿ. ಅದೂ ಅವಳ ಅಣ್ಣನ ಬಾಯಲ್ಲೇ ಹೇಳಿಸಿ.

ಮತ್ತೆ, ಜಮೀನು ಒಂದು ವಾರದಲ್ಲಿ ಮಾರಾಟವಾಗುವ ವಸ್ತುವಲ್ಲ ಅಲ್ವಾ? 15 ಲಕ್ಷ ಈಗ ಕಟ್ಟಿಬಿಟ್ಟರೆ, ಉಳಿದದ್ದಕ್ಕೆ ಬಿಲ್ಡರ್ ತಾರೀಖು ಹಾಕುತ್ತಾನೆ. ಆ ತಾರೀಖಿಗೆ ಹೊಂದಿಸಲು ಮಾವ ಸಿಕ್ಕ ಬೆಲೆಗೆ ತೋಟ ಕೊಡಬೇಕಾಗುತ್ತದೆ. ಊರಿನಲ್ಲಿ ಯಾರಿಗೆ ಅರ್ಜೆಂಟು ಇದೆ ಅನ್ನುವುದು ಎರಡೇ ದಿನಕ್ಕೆ ಎಲ್ಲರಿಗೂ ಗೊತ್ತಾಗುತ್ತದೆ.

ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಎರಡನೇ ಮಗು, ಒಂದು ವರ್ಷ ಬಿಡುವು. ಇಷ್ಟು ದೊಡ್ಡ ಆಸೆಯನ್ನು ಪತ್ರದ ಕೊನೆಗೆ, ‘ಇನ್ನೊಂದು ಮಾತು’ ಅಂತ ಬರೆದಿದ್ದೀರಿ. 75 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಇಎಂಐ ಸುಮಾರು 65,000. ನೀವು ಮನೆಯಲ್ಲಿರುವ ವರ್ಷ, ಅವರ 95,000ದಲ್ಲಿ ಅದು ಹೋದರೆ ಉಳಿಯುವುದು 30,000. ಅದರಲ್ಲೇ ಮಗಳ ಶಾಲೆ ಫೀಸು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸು, ಊಟ, ಆಸ್ಪತ್ರೆ. ಆಗುವುದಿಲ್ಲ. ಅಂದರೆ ಈ ಫ್ಲಾಟಿಗೆ ಸಹಿ ಹಾಕಿದ ದಿನವೇ ಆ ಮಗುವಿನ ವಿಷಯದಲ್ಲೂ ತೀರ್ಮಾನ ಆಗಿಬಿಡುತ್ತದೆ. ನಿಮ್ಮವರಿಗೆ ಅದು ಗೊತ್ತೇ ಇಲ್ಲ. ಗೊತ್ತಿಲ್ಲದೆ ಅವರು ಮಾಡಿದ ತೀರ್ಮಾನಕ್ಕೆ ನೀವು ಮುಂದೆ ಅವರ ಮೇಲೆ ಸಿಟ್ಟಾಗುತ್ತೀರಿ. ಅದು ಅವರಿಗೂ ಅನ್ಯಾಯ.

ಅವರ ಸಂಬಳ ಒಂದರಲ್ಲೇ ಒಂದು ವರ್ಷ ನಡೆಯುವಂತೆ ಲೆಕ್ಕ ಹಾಕಿ ನೋಡಿ. 50 ಲಕ್ಷ ಸಾಲವಾದರೆ ಅದೇ ಬಡ್ಡಿಗೆ ಇಎಂಐ 43,000ದ ಆಸುಪಾಸು. ಬಿಗಿಯೇ, ಆದರೆ ಬದುಕಬಹುದು. ಆಗ ನಿಮ್ಮ ಕೈಗೆ ಎಟುಕುವುದು 65 ಲಕ್ಷದ ಆಚೀಚೆ ಇರುವ ಮನೆ. ಹೊಚ್ಚ ಹೊಸದು ಸಿಗದಿರಬಹುದು. ಉತ್ತರಹಳ್ಳಿ, ಅಂಜನಾಪುರದ ಕಡೆ ಏಳೆಂಟು ವರ್ಷ ಹಳೆಯ, ಓಸಿ ಇರುವ, ಜನ ವಾಸವಿರುವ ಫ್ಲಾಟುಗಳನ್ನೂ ಒಮ್ಮೆ ನೋಡಿ. ಹಳೆ ಮನೆಯಲ್ಲಿ ಒಂದು ಅನುಕೂಲ ಇದೆ. ಮಳೆಗಾಲದಲ್ಲಿ ಸೋರುತ್ತದಾ, ಬೇಸಿಗೆಯಲ್ಲಿ ನೀರು ಬರುತ್ತದಾ ಅಂತ ಪಕ್ಕದ ಮನೆಯವರನ್ನೇ ಕೇಳಬಹುದು. ಹೊಸ ಕಟ್ಟಡದಲ್ಲಿ ಕೇಳಲು ಯಾರೂ ಇರುವುದಿಲ್ಲ.

ತಲಘಟ್ಟಪುರದ ಫ್ಲಾಟೇ ಬೇಕು ಅಂತ ಇಬ್ಬರೂ ಒಪ್ಪಿದರೆ, ಶನಿವಾರ ಹೋಗಿ ರೇರಾ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ ಸಿಗುತ್ತದೆ. ನಕ್ಷೆಯಲ್ಲಿ ಎಷ್ಟು ಮಹಡಿ ಇದೆ, ಎದುರಿಗೆ ಎಷ್ಟು ಎದ್ದಿದೆ ಅಂತ ನೀವೇ ಎಣಿಸಿ. ಕಾರ್ಪೆಟ್ ಏರಿಯಾ (ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ) ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ, ಮೆಟ್ಟಿಲು, ಲಿಫ್ಟಿನ ಜಾಗವನ್ನೂ ಸೇರಿಸುವ ಸೂಪರ್ ಬಿಲ್ಟ್‌ಅಪ್ ಲೆಕ್ಕ ಬೇಡ. ಅಗ್ರಿಮೆಂಟಿನ ಕರಡು, ಮೂಲಪತ್ರ, ಇ.ಸಿ. (ಆಸ್ತಿಯ ಮೇಲೆ ಸಾಲ, ಹಳೆಯ ವ್ಯವಹಾರ ಏನಿದೆ ಅಂತ ತೋರಿಸುವ ಪತ್ರ), ಖಾತಾ ಇವುಗಳ ಪ್ರತಿ ತಂದು ನಿಮ್ಮದೇ ವಕೀಲರಿಗೆ ತೋರಿಸಿ. ಬಿಲ್ಡರ್ ಹೇಳಿದ ವಕೀಲರು ಬೇಡ. ‘ಬ್ಯಾಂಕಿನವರೇ ಸಾಲ ಕೊಡ್ತಾರೆ, ಪೇಪರ್ ಸರಿ ಇರಲೇಬೇಕು’ ಅಂತ ಯಾರಾದರೂ ಅಂದರೆ ನಂಬಬೇಡಿ. ಬ್ಯಾಂಕು ನೋಡುವುದು ತನ್ನ ಸಾಲದ ಸುರಕ್ಷತೆಯನ್ನು. ಪತ್ರ ಕೊಡಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಕೊಟ್ಟರೆ, ‘ಓಸಿ ಬಂದ ದಿನ ಫೋನ್ ಮಾಡಿ, ಅವತ್ತೇ ಬರ್ತೀವಿ’ ಅಂತ ನಂಬರ್ ಕೊಟ್ಟು ಬನ್ನಿ.

ಆದರೆ ಶನಿವಾರಕ್ಕೆ ಮುಂಚೆ ಶುಕ್ರವಾರ ಸಂಜೆ ಇದೆ. ಮಗಳನ್ನು ಪರಿಚಯದವರ ಮನೆಯಲ್ಲಿ ಬಿಟ್ಟು, ನೀವಿಬ್ಬರೇ ರಾಮಾಂಜನೇಯ ಗುಡ್ಡ ಹತ್ತಿ ಕೂತುಕೊಳ್ಳಿ. ಫೋನಿನಲ್ಲಿ ಫ್ಲಾಟಿನ ಫೋಟೊ ತೆರೆದು ನೋಡಬೇಡಿ. ‘ನಂಗೆ ಇನ್ನೊಂದು ಮಗು ಬೇಕು. ಒಂದು ವರ್ಷ ಕೆಲಸ ಬಿಡ್ಬೇಕು ಅಂತಿದೀನಿ. ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ಇಷ್ಟು ದಿನ ಸುಮ್ನಿದ್ದೆ’ ಅಂತ ಮೊದಲು ಇದನ್ನೇ ಹೇಳಿ. ಅವರು ಏನು ಹೇಳುತ್ತಾರೋ ಪೂರ್ತಿ ಕೇಳಿಸಿಕೊಳ್ಳಿ. 15 ಲಕ್ಷದ ಮಾತು ಗುಡ್ಡ ಇಳಿದು ಬರುವಾಗ ಆಡಿದರೆ ಸಾಕು.