ಮಾಲ್ ಮೇಲೆ ಉಗ್ರರ ದಾಳಿ ತಡೆಯಲು ಹತ್ತಡಿ ಕಾಂಪೌಂಡ್ ಗೋಡೆ, ಮುಂದೆ ಬೊಲಾರ್ಡ್ ಸಾಕಾ?

ನಿಮ್ಮ ಕ್ಲೈಂಟ್ ಹೀಗೆ ಕೇಳಿದರು ಅಂದಿರಲ್ಲ, ಆರ್ಕಿಟೆಕ್ಟ್ ಆದ ನನಗೂ ನನ್ನ ಕ್ಲೈಂಟ್ ಇದನ್ನೇ ಕೇಳಿದ್ದರು. ನಾನು ಗೋಡೆ, ಬೊಲಾರ್ಡ್ ಎರಡಕ್ಕೂ ಹೂಂ ಅಂದುಬಿಟ್ಟಿದ್ದೆ.

ಬೆಂಗಳೂರಿನ ಒಂದು ಕಮರ್ಷಿಯಲ್ ಕಟ್ಟಡ. ಗಾಜಿನ ಲಾಬಿಗೆ ಯಾವ ಗಾಡಿಯೂ ನುಗ್ಗಬಾರದು ಅಂತ ಮುಂದೆ ಬೊಲಾರ್ಡ್, ಅಂದರೆ ಗಿಡ್ಡ ಸ್ಟೀಲ್ ಕಂಬಗಳನ್ನು, ಸಾಲಾಗಿ ನಿಲ್ಲಿಸಿದೆ. ದಪ್ಪ ಪೈಪು, ಒಳಗೆ ಕಾಂಕ್ರೀಟ್. ನೋಡೋಕೆ ಜಬರ್ದಸ್ತಾಗಿತ್ತು. ಒಂದು ದಿನ ನೀರಿನ ಟ್ಯಾಂಕರ್ ರಿವರ್ಸ್ ತಗೊಳ್ಳುವಾಗ ಮೆಲ್ಲಗೆ ತಾಗಿತು, ಅಷ್ಟೇ. ಕಂಬ ಗ್ರಾನೈಟ್ ಸಮೇತ ಕಿತ್ತು ಬಂತು. ಪೈಪಿಗೆ ಒಂದು ಗೀರೂ ಇಲ್ಲ!

ಯಾಕೆ ಗೊತ್ತಾ? ಅಲ್ಲಿ ಕೆಳಗೆ ಮಣ್ಣೇ ಇರಲಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಸೈಟಿನ ಅಂಚಿನವರೆಗೂ ಹೋಗಿತ್ತು. ಮುಂದಿನ ಅಂಗಳ ಅನ್ನೋದೇ ಬೇಸ್‌ಮೆಂಟಿನ ತಾರಸಿ. ಸ್ಲ್ಯಾಬ್, ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಸ್ಕ್ರೀಡ್, ಕೊನೆಗೆ ಗ್ರಾನೈಟ್. ವಾಟರ್‌ಪ್ರೂಫಿಂಗ್ ತೂತು ಮಾಡಿದರೆ ಗ್ಯಾರಂಟಿ ಕೊಡಲ್ಲ ಅಂತ ಆ ಕೆಲಸದವರು ಪಟ್ಟು ಹಿಡಿದರು. ಸರಿ, ಕಂಬದ ಬುಡದ ಬೇಸ್ ಪ್ಲೇಟನ್ನು ಸ್ಕ್ರೀಡಿಗೇ ಆಂಕರ್ ಬೋಲ್ಟ್ ಹಾಕಿ ಕೂರಿಸಿ ಅಂತ ನಾನೇ ಡ್ರಾಯಿಂಗ್ ಕೊಟ್ಟೆ. ಸ್ಕ್ರೀಡ್ ಅಂದರೆ ನೆಲ ಮಟ್ಟ ಮಾಡೋ ಗಾರೆ, ಅದು ಏನನ್ನು ತಾನೇ ಹಿಡಿದುಕೊಂಡೀತು? ಗಾಡಿ ಗುದ್ದಿದರೆ ಕಂಬ ಸನ್ನೆಕೋಲಿನ ಹಾಗೆ ತನ್ನ ಬುಡವನ್ನೇ ಮೀಟುತ್ತದೆ. ಅದನ್ನು ತಡೆಯೋದು ತಳಪಾಯ. ಆಳ ಸಿಗದ ಕಡೆ ಕಂಬಗಳನ್ನೆಲ್ಲ ಕೆಳಗೆ ಒಂದೇ ಸ್ಟೀಲ್ ಜಾಲರಿಗೆ ಬೆಸೆದು, ಜಾಲರಿಯನ್ನು ಕಾಂಕ್ರೀಟಿನಲ್ಲಿ ಹೂಳುತ್ತಾರೆ. ಒಂದಕ್ಕೆ ಗುದ್ದಿದರೆ ಅಕ್ಕಪಕ್ಕದವೂ ಸೇರಿ ತಡೆಯುತ್ತವೆ. ಆದರೆ ಅದಕ್ಕೆ ಅಲ್ಲಿ ಸ್ಲ್ಯಾಬ್ ತಗ್ಗಿಸಬೇಕು, ಆ ಭಾರವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಮೊದಲೇ ಲೆಕ್ಕಕ್ಕೆ ತಗೊಂಡಿರಬೇಕು. ನಾನೋ, ಬೊಲಾರ್ಡನ್ನು ಹೂಕುಂಡ, ನೇಮ್ ಬೋರ್ಡ್ ಜೊತೆ ಕೊನೇ ಪಟ್ಟಿಗೆ ಸೇರಿಸಿದ್ದೆ. ಅಂಗಳ ಪೂರ್ತಿ ಅಗೆಸಬೇಕಾಯಿತು. ಬಾಕಿ ಇದ್ದ ಫೀಸೂ ಹೋಯಿತು, ಕ್ಲೈಂಟೂ ಹೋದರು.

ಇನ್ನು ಗೋಡೆ. ಬೇಡ ಅಂತೀನಿ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಐಪಿಎಲ್ ಮ್ಯಾಚಿಗೆ ಮುಂಚೆ ಬಾಂಬ್ ಸಿಡಿದದ್ದು ಹೊರಗೆ, ಗೇಟಿನ ಹತ್ತಿರ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಗೆ ಬಂದವನು ಗಿರಾಕಿಯ ಹಾಗೇ ಬಂದು ಬ್ಯಾಗ್ ಇಟ್ಟು ಹೋದ. ಹತ್ತಡಿ ಗೋಡೆ ಇದ್ದು ಏನು ಮಾಡುತ್ತಿತ್ತು? ಗೇಟ್ ಕಿರಿದಾದಷ್ಟೂ ಚೆಕಿಂಗ್ ಕ್ಯೂ ಬೆಳೆಯುತ್ತದೆ, ಜನ ಫುಟ್‌ಪಾತ್ ಮೇಲೆ ಗುಂಪಾಗಿ ನಿಲ್ಲುತ್ತಾರೆ. ಅದೇ ಜಾಸ್ತಿ ಅಪಾಯ.

ಆ ದುಡ್ಡನ್ನು ಗಾಜಿಗೆ ಹಾಕಿಸಿ. 1998ರ ಆಗಸ್ಟ್ 7ರಂದು ನೈರೋಬಿಯ ಅಮೆರಿಕ ರಾಯಭಾರ ಕಚೇರಿ ಹತ್ತಿರ ಮೊದಲು ಸಣ್ಣ ಸ್ಫೋಟದ ಸದ್ದಾಯಿತು. ಏನಾಯಿತು ಅಂತ ನೋಡಲು ಸುತ್ತಲಿನ ಕಟ್ಟಡಗಳ ಜನ ಕಿಟಕಿಗೆ ಬಂದರು. ಆಮೇಲೆ ಟ್ರಕ್ ಸಿಡಿಯಿತು. ಗಾಜಿನ ಚೂರು ಹೊಕ್ಕು ಎಷ್ಟೋ ಜನ ಕಣ್ಣು ಕಳೆದುಕೊಂಡರು. ಬರೀ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಸಾಕು ಅಂತ ಸಪ್ಲೈಯರ್ ಹೇಳಿದರೆ ಒಪ್ಪಬೇಡಿ, ಲ್ಯಾಮಿನೇಟೆಡ್ ಕೇಳಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಚೂರು ಅದಕ್ಕೇ ಅಂಟಿಕೊಂಡಿರುತ್ತದೆ. ಫ್ರೇಮೂ ಗಟ್ಟಿಯಾಗಿ ಕಚ್ಚಿಕೊಂಡಿರಲಿ, ಇಲ್ಲಾಂದ್ರೆ ಇಡೀ ಹಾಳೆಯೇ ಒಳಗೆ ಬಂದು ಬೀಳುತ್ತದೆ.

ಲಾಬಿ ವಿಶಾಲವಾಗಿ ಕಾಣಲಿ ಅಂತ ಕಟ್ಟಡ ಹೊರುವ ಕೆಳಗಿನ ಕಂಬಗಳಲ್ಲಿ ಕೆಲವನ್ನು ತೆಗೆದು, ಮೇಲಿನ ಮಹಡಿಗಳನ್ನೆಲ್ಲ ಒಂದೇ ದೊಡ್ಡ ಬೀಮ್ ಮೇಲೆ ಕೂರಿಸೋ ಆಸೆ ನಿಮಗೂ ಇರುತ್ತದೆ, ಅಲ್ವಾ? 1995ರಲ್ಲಿ ಟ್ರಕ್ ಬಾಂಬ್ ದಾಳಿಗೆ ತುತ್ತಾದ ಅಮೆರಿಕದ ಒಕ್ಲಹೋಮಾ ಸಿಟಿಯ ಮರ್ರಾ ಸರ್ಕಾರಿ ಕಟ್ಟಡ ಇದ್ದದ್ದು ಹಾಗೇ. ಮುಂದಿನ ಕಂಬ ಮುರಿದ ಕೂಡಲೇ ಬೀಮ್ ಕುಸಿಯಿತು, ಅದರ ಜೊತೆ ಮೇಲಿನ ಮಹಡಿಗಳೂ. ಸತ್ತವರು 168 ಜನ. ಒಂದು ಕಂಬ ಹೋದರೂ ಭಾರ ಪಕ್ಕದ ಕಂಬಕ್ಕೆ ದಾಟಬೇಕು.

ಬೊಲಾರ್ಡ್ ಹಾಕೋದಾದರೆ ನಡುವಿನ ಸಂದು 1.2 ಮೀಟರ್ ದಾಟದಿರಲಿ. ವೀಲ್‌ಚೇರ್ ಹೋಗುತ್ತದೆ, ಕಾರು ಹೋಗಲ್ಲ. ಎಲ್ಲಾ ಕಡೆ ಕಂಬವೇ ಆಗಬೇಕು ಅಂತಲೂ ಇಲ್ಲ. ಲಂಡನ್ನಿನ ಎಮಿರೇಟ್ಸ್ ಸ್ಟೇಡಿಯಂ ಮುಂದೆ ಅಲ್ಲಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಹೆಸರನ್ನೇ ದೊಡ್ಡ ಕಾಂಕ್ರೀಟ್ ಅಕ್ಷರಗಳಲ್ಲಿ ನಿಲ್ಲಿಸಿದ್ದಾರೆ. ಜನ ಫೋಟೋ ತೆಗೆಸಿಕೊಳ್ಳುತ್ತಾರೆ, ಗಾಡಿಗೂ ಅವೇ ಅಡ್ಡ. ನಿಮ್ಮ ಬೇಸ್‌ಮೆಂಟ್ ಸ್ಲ್ಯಾಬ್ ಇನ್ನೂ ಹಾಕಿಲ್ಲ ಅಂದ್ರೆ ಇವತ್ತೇ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿ.