ಕಾಯಿನನ ಊರಿನಿಂದ ಬಾಗಿಲು ಮುಚ್ಚದ ಪಟ್ಟಣದವರೆಗೆ

ಈ ಸಲ ಬಂದ ಪತ್ರಗಳಲ್ಲಿ ಹಲವು ಬೈಬಲ್ಲಿನ ಪಟ್ಟಣಗಳ ಕುರಿತಾಗಿದ್ದವು. ಹಳೆಯ ಒಡಂಬಡಿಕೆಯನ್ನು ಪಾಠ ಹೇಳುತ್ತ ಬಂದಿರುವ ನನಗೆ ಇದು ಮನಸ್ಸಿಗೆ ಹತ್ತಿರವಾದ ವಿಷಯ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಲೆನಾಡಿನ ಹಳ್ಳಿಯಿಂದ ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಯಿತು. 'ಮೊದಲ ಊರು ಕಟ್ಟಿದವನು ಕೊಲೆಗಾರ' ಎಂದು ಪ್ರಸಂಗವೊಂದರಲ್ಲಿ ಕೇಳಿದೆ. ಅದಾದ ಮೇಲೆ ಬಾಬೆಲ್, ಆಮೇಲೆ ಸೊದೋಮ್. ಪಟ್ಟಣದಲ್ಲಿ ಬದುಕುವುದೇ ದೇವರಿಗೆ ಇಷ್ಟವಿಲ್ಲದ ಸಂಗತಿಯೇ?

ಪ್ರಸಂಗದಲ್ಲಿ ಹೇಳಿದ ಮಾತು ಸುಳ್ಳಲ್ಲ. ಆದಿಕಾಂಡದ 4ನೇ ಅಧ್ಯಾಯದಲ್ಲಿ ತಮ್ಮನನ್ನು ಕೊಂದ ಕಾಯಿನನಿಗೆ ಅಲೆದಾಟವೇ ಶಿಕ್ಷೆ. 'ಕಂಡವರು ನನ್ನನ್ನು ಕೊಲ್ಲುತ್ತಾರೆ' ಎಂದು ಅವನು ಹೆದರುತ್ತಾನೆ. ದೇವರು ಅವನಿಗೆ ಒಂದು ಗುರುತನ್ನಿಟ್ಟು ಕಾಪಾಡುತ್ತಾನೆ. ಆದರೂ ಅವನ ಭಯ ಹೋಗುವುದಿಲ್ಲ. ಅಲೆಯಬೇಕಾದವನು ನೆಲೆನಿಂತು ಊರು ಕಟ್ಟುತ್ತಾನೆ, ಅದಕ್ಕೆ ಮಗ ಹನೋಕನ ಹೆಸರಿಡುತ್ತಾನೆ. ಬೈಬಲ್ಲಿನ ಮೊದಲ ಊರು ಹುಟ್ಟಿದ್ದು ಹೀಗೆ, ಅಂಜಿದ ಮನುಷ್ಯನೊಬ್ಬನ ಆಸರೆಯಾಗಿ. ಆದರೆ ಪ್ರಸಂಗ ಅಲ್ಲಿಗೇ ನಿಂತಿದ್ದರೆ ಅದು ಅರ್ಧ ಓದು. ಅದೇ ಅಧ್ಯಾಯದಲ್ಲಿ ನಾಲ್ಕು ವಚನ ಮುಂದೆ ಹೋದರೆ, ಇದೇ ಕಾಯಿನನ ವಂಶದಲ್ಲಿ ಕಿನ್ನರಿ ನುಡಿಸುವವರ ಮೂಲಪುರುಷ ಯೂಬಾಲನೂ ತಾಮ್ರ ಕಬ್ಬಿಣಗಳ ಕೆಲಸಗಾರ ತೂಬಲ್‌ಕಾಯಿನನೂ ಹುಟ್ಟುತ್ತಾರೆ. ಸಂಗೀತವನ್ನಾಗಲಿ ಕಮ್ಮಾರಿಕೆಯನ್ನಾಗಲಿ ಕಥೆಗಾರ ಹಳಿಯುವುದಿಲ್ಲ.

ಗೋಪುರ ಕಟ್ಟಹೊರಟವರ ಭಾಷೆಯನ್ನು ದೇವರು ಗಲಿಬಿಲಿ ಮಾಡಿದ ಬಾಬೆಲ್ ಕಥೆಯನ್ನೂ ನಿಧಾನವಾಗಿ ಓದಬೇಕು. ಅಲ್ಲಿಯ ಜನ ಕಲ್ಲಿನ ಬದಲು ಸುಟ್ಟ ಇಟ್ಟಿಗೆಯನ್ನು, ಗಾರೆಯ ಬದಲು ಕಲ್ಲರಗನ್ನು ಬಳಸಿದರು ಎಂದು ಆದಿಕಾಂಡ 11 ಹೇಳುತ್ತದೆ. ಕಲ್ಲು ಸಿಗದ ಮೆಸೊಪೊಟೇಮಿಯಾದ ಬಯಲಿನಲ್ಲಿ ಕಟ್ಟುತ್ತಿದ್ದ ಬಗೆಯೇ ಅದು. ಇಟ್ಟಿಗೆ ಸುಟ್ಟದ್ದು ಅವರ ತಪ್ಪಲ್ಲ. ನಮಗೆ ನಾವೇ ಹೆಸರು ಮಾಡಿಕೊಳ್ಳಬೇಕು, ಚದರಿ ಹೋಗಬಾರದು ಎಂಬ ಹಟಕ್ಕೆ ಅವರ ಕೌಶಲವೆಲ್ಲ ಮೀಸಲಾಯಿತು ಎಂಬುದೇ ತಪ್ಪು. ಬಾಬೆಲ್ ಎಂದರೆ ಬಾಬಿಲೋನೇ. ಅಲ್ಲಿಯವರು ತಮ್ಮ ಊರಿನ ಹೆಸರನ್ನು 'ಬಾಬ್-ಇಲಿ', ಅಂದರೆ ದೇವರ ಬಾಗಿಲು, ಎಂದು ಅರ್ಥೈಸುತ್ತಿದ್ದರು. ಹೀಬ್ರೂ ಕಥೆಗಾರ ಅದನ್ನು 'ಬಾಲಲ್', ಅಂದರೆ ಗಲಿಬಿಲಿ ಮಾಡು, ಎಂಬ ಮಾತಿಗೆ ತಿರುಗಿಸಿಬಿಡುತ್ತಾನೆ.

ಬಾಗಿಲು ಎಂಬ ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲಿಯೇ ಎಂದು ನಾನು ನಂಬಿದ್ದೇನೆ.

ಬೈಬಲ್ಲಿನ ಪಟ್ಟಣ ಎಂದಾಗ ಬೆಂಗಳೂರನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ದಾವೀದನು ಗೆದ್ದುಕೊಂಡ ಯೆರೂಸಲೇಮ್ ಹೆಚ್ಚುಕಡಿಮೆ ಹನ್ನೆರಡು ಎಕರೆಯಷ್ಟಿತ್ತು, ಒಂದು ಅಡಕೆ ತೋಟದಷ್ಟು. ಹಳ್ಳಿಗೂ ಪಟ್ಟಣಕ್ಕೂ ಗೋಡೆಯೇ ವ್ಯತ್ಯಾಸ. ಯಾಜಕಕಾಂಡ 25ರ ಕಾನೂನು ಕೂಡ ಹಾಗೆಯೇ ವಿಂಗಡಿಸುತ್ತದೆ: ಗೋಡೆಯಿರುವ ಊರಿನೊಳಗಿನ ಮನೆಯನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಶಾಶ್ವತ, ಗೋಡೆಯಿಲ್ಲದ ಹಳ್ಳಿಯ ಮನೆಯಾದರೆ ಹೊಲಕ್ಕೆ ಸಮ, ಐವತ್ತನೆಯ ವರ್ಷದ ಜೂಬಿಲಿಯಲ್ಲಿ ಮಾರಿದವನಿಗೆ ಮರಳುತ್ತದೆ. ಗೋಡೆ ಇದ್ದ ಮೇಲೆ ಬಾಗಿಲೂ ಇರಬೇಕಲ್ಲ. ಉತ್ತರ ಕರ್ನಾಟಕದ ಓದುಗರಿಗೆ ಊರ ಅಗಸೆ ಎಂದರೆ ಸಾಕು, ಚಿತ್ರ ಮೂಡುತ್ತದೆ. ಕೋಟೆ ಕೊತ್ತಲದ ನಡುವಿನ ಆ ಬಾಗಿಲು, ಪಕ್ಕದ ಕಟ್ಟೆ, ಕಟ್ಟೆಯ ಮೇಲೆ ಹಿರಿಯರು.

ಇಸ್ರಾಯೇಲಿನ ಉತ್ತರದ ಗಡಿಯಲ್ಲಿರುವ ದಾನ್ ಎಂಬ ಹಳೆಯ ಊರನ್ನು ಅಗೆದಾಗ ಸಿಕ್ಕಿದ್ದೂ ಅದೇ. ಕಲ್ಲು ಹಾಸಿದ ಬಾಗಿಲ ಅಂಗಳ, ಗೋಡೆಗೆ ಒತ್ತಿಕೊಂಡು ಸಾಲಾಗಿ ಜೋಡಿಸಿದ ಉದ್ದನೆಯ ಕಲ್ಲಿನ ಆಸನ, ಅದರ ಹತ್ತಿರ ಮೇಲ್ಕಟ್ಟಿನ ಕಂಬಗಳನ್ನು ನಿಲ್ಲಿಸಲು ಕಡೆದ ಕಲ್ಲಿನ ಬುಡಗಳು. ಮೊಣಕಾಲೆತ್ತರದ ಆ ಆಸನದ ಚಿತ್ರವನ್ನು ತರಗತಿಯಲ್ಲಿ ತೋರಿಸುವಾಗಲೆಲ್ಲ ನನಗೆ ರೂತಳ ಕಥೆ ನೆನಪಾಗುತ್ತದೆ. ಅವಳನ್ನು ಮದುವೆಯಾಗಲಿದ್ದ ಬೋವಜನು ಬೆಳಿಗ್ಗೆ ಬೆತ್ಲೆಹೇಮಿನ ಊರ ಬಾಗಿಲಿಗೆ ಹೋಗಿ ಇಂಥದೇ ಒಂದು ಕಡೆ ಕುಳಿತು, ಹೋಗಿಬರುವ ಹಿರಿಯರಲ್ಲಿ ಹತ್ತು ಮಂದಿಯನ್ನು ಕರೆದು ಕೂರಿಸಿಕೊಳ್ಳುತ್ತಾನೆ. ಗಂಡ ಸತ್ತ, ಬೇರೆ ದೇಶದ, ತೆನೆ ಆಯ್ದು ಹೊಟ್ಟೆ ಹೊರೆಯುತ್ತಿದ್ದ ಮೋವಾಬಿನ ಹೆಣ್ಣುಮಗಳ ಬದುಕು ಅಲ್ಲಿ ಇತ್ಯರ್ಥವಾಗುತ್ತದೆ. ಊರ ಬಾಗಿಲು ಅಂದಿನ ನ್ಯಾಯಾಲಯ, ಸಂತೆ, ನೋಂದಣಿ ಕಚೇರಿ ಎಲ್ಲವೂ ಆಗಿತ್ತು. ಪ್ರವಾದಿ ಆಮೋಸನು ಸಿಟ್ಟಿನಿಂದ ಕೂಗಿದ್ದೂ ಇದೇ ಜಾಗವನ್ನು ಕುರಿತು: ಲಂಚ ತಿಂದು ಬಡವನ ನ್ಯಾಯವನ್ನು ಬಾಗಿಲಲ್ಲೇ ತಳ್ಳಿಹಾಕುತ್ತೀರಿ ಎಂದು.

ಈಗ ದೇವರು ನಾಶಮಾಡಿದ ಊರಾದ ಸೊದೋಮಿಗೆ ಬನ್ನಿ. ಆದಿಕಾಂಡ 19 ಶುರುವಾಗುವುದೇ ಊರ ಬಾಗಿಲಲ್ಲಿ. ಸಂಜೆಯ ಹೊತ್ತು, ಆ ಊರಿನಲ್ಲಿ ನೆಲೆಸಿದ್ದ ಲೋಟನು ಅಲ್ಲಿ ಕುಳಿತಿದ್ದಾನೆ, ಅಪರಿಚಿತರಿಬ್ಬರು ಬರುತ್ತಾರೆ. ಬಂದ ಅತಿಥಿಗಳ ಮೇಲೆ ಆ ಊರು ಅದೇ ರಾತ್ರಿ ಹಿಂಸೆಗೆ ಮುಗಿಬೀಳುತ್ತದೆ. ಸೊದೋಮಿನ ಪಾಪವೇನು ಎಂದು ಪ್ರವಾದಿ ಯೆಹೆಜ್ಕೇಲನನ್ನು ಕೇಳಿದರೆ ಅವನ ಪಟ್ಟಿ ಹೀಗಿದೆ: ಗರ್ವ, ಹೊಟ್ಟೆ ತುಂಬ ಅನ್ನ, ನಿಶ್ಚಿಂತೆಯ ಬದುಕು, ಇಷ್ಟಿದ್ದೂ ದೀನದರಿದ್ರರ ಕೈಹಿಡಿಯದೆ ಹೋದದ್ದು. ಇದು 16ನೇ ಅಧ್ಯಾಯದ 49ನೇ ವಚನ. ಸೊದೋಮಿನ ಹೆಸರೆತ್ತುವ ಪ್ರಸಂಗಗಳಲ್ಲಿ ಈ ವಚನ ಕೇಳಿಬರುವುದು ತೀರ ಅಪರೂಪ. ಅದು ನನಗೆ ನೋವಿನ ಸಂಗತಿ.

ಹಾಗಾಗಿ ಸಹೋದರರೇ, ನೀವು ಹಳ್ಳಿಯಲ್ಲಿದ್ದೀರೋ ಪಟ್ಟಣದಲ್ಲಿದ್ದೀರೋ ಎಂದು ಶಾಸ್ತ್ರ ಕೇಳುವುದಿಲ್ಲ. ನಿಮ್ಮ ಊರಿನ ಬಾಗಿಲಲ್ಲಿ ಏನು ನಡೆಯುತ್ತಿದೆ, ಅಲ್ಲಿಗೆ ಬಂದ ವಿಧವೆ, ಪರದೇಶಿ, ಕೂಲಿಯವನು ಏನಾದರು ಎಂದು ಕೇಳುತ್ತದೆ.

ಪ್ರಶ್ನೆ: ಯೆಹೋಶುವನ ಪುಸ್ತಕದಲ್ಲಿ ಬರುವ ಆಶ್ರಯನಗರಗಳು ಯಾವುವು? ಕೊಲೆ ಮಾಡಿದವನಿಗೆ ಆಶ್ರಯ ಕೊಡುವುದು ನ್ಯಾಯವೇ? (ಹುಬ್ಬಳ್ಳಿಯ ಓದುಗರು)

ಆರು ಊರುಗಳು. ಯೊರ್ದನ್ ಹೊಳೆಯ ಪಶ್ಚಿಮಕ್ಕೆ ಕೆದೆಷ್, ಶೆಕೆಮ್, ಹೆಬ್ರೋನ್. ಪೂರ್ವಕ್ಕೆ ಬೆಚೆರ್, ಗಿಲ್ಯಾದಿನ ರಾಮೋತ್, ಗೋಲಾನ್. ದೇವರ ಸೇವೆಗೆ ಮೀಸಲಾದ ಲೇವಿ ಕುಲದವರಿಗೆ ಬಿಟ್ಟುಕೊಟ್ಟ 48 ಊರುಗಳಲ್ಲಿ ಇವೂ ಸೇರಿದ್ದವು. ಬೇಕೆಂದೇ ಕೊಂದವನಿಗೆ ಇಲ್ಲಿ ಜಾಗವಿಲ್ಲ. ಧರ್ಮೋಪದೇಶಕಾಂಡ 19 ಕೊಡುವ ಉದಾಹರಣೆ ಕಾಡಿನದು: ಇಬ್ಬರು ಮರ ಕಡಿಯಲು ಹೋಗುತ್ತಾರೆ, ಒಬ್ಬನು ಕೊಡಲಿ ಬೀಸಿದಾಗ ಅದು ಕಾವಿನಿಂದ ಕಳಚಿ ಹಾರಿ ಇನ್ನೊಬ್ಬನಿಗೆ ಬಡಿದು ಅವನು ಸಾಯುತ್ತಾನೆ. ಸತ್ತವನ ನೆಂಟನು ಸಿಟ್ಟಿನ ಭರದಲ್ಲಿ ಬೆನ್ನಟ್ಟಿ ಬರುತ್ತಾನೆ. ದಾರಿ ದೂರವಾದರೆ ಓಡುವವನು ಉಳಿಯುವುದಿಲ್ಲ, ಆದ್ದರಿಂದ ದಾರಿಗಳನ್ನು ಸರಿಮಾಡಿಡಿ ಎನ್ನುತ್ತದೆ ಕಾನೂನು. ಕವಲುದಾರಿಗಳಲ್ಲಿ 'ಆಶ್ರಯ' ಎಂದು ಬರೆದಿರುತ್ತಿತ್ತು ಎಂದು ಯೆಹೂದ್ಯ ಗುರುಗಳ ಶಾಸ್ತ್ರಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ.

ಓಡಿಬಂದವನು ಮೊದಲು ನಿಲ್ಲುವುದು ಊರ ಬಾಗಿಲಲ್ಲಿ. ಅಲ್ಲಿ ಹಿರಿಯರಿಗೆ ನಡೆದದ್ದನ್ನು ಹೇಳಬೇಕು. ಅವರು ಒಳಗೆ ಕರೆದುಕೊಂಡು ಇರಲು ಸ್ಥಳ ಕೊಡಬೇಕು. ಆಮೇಲೆ ವಿಚಾರಣೆ. ಉದ್ದೇಶವಿರಲಿಲ್ಲ ಎಂದು ತೀರ್ಮಾನವಾದರೂ ಆ ಕಾಲದ ಮಹಾಯಾಜಕನು ಸಾಯುವವರೆಗೆ ಅವನು ಊರು ಬಿಡುವಂತಿಲ್ಲ. ಇಲ್ಲಿ ಯೆಹೂದ್ಯರ ಹಳೆಯ ಕಾನೂನು ಸಂಗ್ರಹವಾದ ಮಿಷ್ನಾ ಒಂದು ಮನುಷ್ಯಸಹಜ ಸಂಗತಿಯನ್ನು ಸೇರಿಸುತ್ತದೆ: ಮಹಾಯಾಜಕರ ತಾಯಂದಿರು ಆ ಆಶ್ರಿತರಿಗೆ ಊಟ ಬಟ್ಟೆ ಒದಗಿಸುತ್ತಿದ್ದರಂತೆ, ತಮ್ಮ ಮಗ ಬೇಗ ಸಾಯಲಿ ಎಂದು ಅವರು ಪ್ರಾರ್ಥಿಸದಿರಲಿ ಎಂದು!

ನ್ಯಾಯವೇ ಎಂದು ಕೇಳಿದ್ದೀರಿ. ರಕ್ತಕ್ಕೆ ರಕ್ತ ಎಂಬುದೇ ನಿಯಮವಾಗಿದ್ದ ಕಾಲದಲ್ಲಿ ಸೇಡಿಗೂ ತೀರ್ಪಿಗೂ ನಡುವೆ ಒಂದು ಗೋಡೆ ಎಬ್ಬಿಸಿದ್ದನ್ನು ನಾನು ನ್ಯಾಯವೆಂದೇ ಕರೆಯುತ್ತೇನೆ. ಅರಣ್ಯಕಾಂಡ 35 ಈ ಹಕ್ಕನ್ನು ಇಸ್ರಾಯೇಲ್ಯರಿಗೆ ಮಾತ್ರವಲ್ಲ, ನಡುವೆ ವಾಸಿಸುವ ಪರದೇಶಿಗೂ ಕೊಡುತ್ತದೆ. ಕಾಯಿನನು ತನ್ನ ಜೀವದ ಭಯದಿಂದ ಊರು ಕಟ್ಟಿಕೊಂಡಿದ್ದನಲ್ಲ, ಅದೇ ಭಯದಿಂದ ಓಡಿಬರುವವನಿಗಾಗಿ ಇಲ್ಲಿ ದೇವರೇ ಊರುಗಳನ್ನು ಗೊತ್ತುಮಾಡುತ್ತಾನೆ.

ಪ್ರಶ್ನೆ: ಎಂಟು ವರ್ಷದಿಂದ ಕುವೈತ್‌ನಲ್ಲಿ ನರ್ಸ್ ಆಗಿದ್ದೇನೆ. ಇಂದಲ್ಲ ನಾಳೆ ಮಂಗಳೂರಿಗೆ ಮರಳುವವಳು, ಈ ಊರು ನನ್ನದಲ್ಲ ಎಂದುಕೊಂಡೇ ದಿನ ಕಳೆಯುತ್ತಿದ್ದೇನೆ. ಪಟ್ಟಣದ ಕ್ಷೇಮವನ್ನು ಹಾರೈಸಬೇಕೆಂಬ ಯೆರೆಮೀಯನ ಮಾತು ನನಗೂ ಅನ್ವಯಿಸುತ್ತದೆಯೇ?

ಸಹೋದರಿ, ಆ ಮಾತು ಬರುವುದು ಒಂದು ಕಾಗದದಲ್ಲಿ. ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆಹೂದದ ಅರಸ, ಅವನ ತಾಯಿ, ಕಂಚುಗಾರರು, ಕಮ್ಮಾರರು ಎಲ್ಲರನ್ನೂ ಸೆರೆಹಿಡಿದು ಒಯ್ದಿದ್ದ. ಯೆರೂಸಲೇಮಿನಲ್ಲಿ ಉಳಿದಿದ್ದ ಯೆರೆಮೀಯನು ಅವರಿಗೆ ಬರೆದ ಕಾಗದವೇ 29ನೇ ಅಧ್ಯಾಯ. ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆಂದು ಸಾರಿದ್ದ. ಜನರಿಗೆ ಅವನ ಮಾತು ಸಿಹಿಯಾಗಿತ್ತು. ಯೆರೆಮೀಯನು ಎಪ್ಪತ್ತು ವರ್ಷವೆಂದ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ ಎಂದ. ತೋಟ ಹಾಕಿದವನು ಫಲ ತಿನ್ನಲು ವರ್ಷಗಟ್ಟಲೆ ಕಾಯಬೇಕು; ಎಷ್ಟು ಕಾಲ ಅಲ್ಲಿರಬೇಕು ಎಂಬುದು ಆ ಒಂದು ಮಾತಿನಲ್ಲೇ ಅವರಿಗೆ ತಿಳಿದಿರಬೇಕು. ಆಮೇಲೆ ನೀವು ಕೇಳಿದ 7ನೇ ವಚನ. ಹೀಬ್ರೂ ಮೂಲದಲ್ಲಿ ಆ ಒಂದೇ ವಚನದಲ್ಲಿ 'ಶಾಲೋಮ್' ಎಂಬ ಪದ ಮೂರು ಸಲ ಬರುತ್ತದೆ: ಆ ಪಟ್ಟಣದ ಶಾಲೋಮನ್ನು ಅರಸಿರಿ, ಅದರ ಶಾಲೋಮಿನಲ್ಲೇ ನಿಮಗೂ ಶಾಲೋಮ್ ಇದೆ. ಕ್ಷೇಮ, ಸಮಾಧಾನ, ಸಮೃದ್ಧಿ ಮೂರನ್ನೂ ಒಟ್ಟಿಗೆ ಹೇಳುವ ಪದ ಅದು.

ಯಾವ ಪಟ್ಟಣ ಎಂಬುದನ್ನು ಮರೆಯಬೇಡಿ. ತಮ್ಮನ್ನು ಸೆರೆ ಎಳೆದು ತಂದವರ ಪಟ್ಟಣ. ಹೆಸರಿನಲ್ಲೇ ಗಲಿಬಿಲಿ ಹೊತ್ತಿದ್ದ ಬಾಬೆಲ್! ಅದರ ಒಳಿತಿಗಾಗಿ ಪ್ರಾರ್ಥಿಸಿ ಎಂದು ಹೇಳಲು ಎಷ್ಟು ಎದೆಗಾರಿಕೆ ಬೇಕು. ಸೆರೆಯಲ್ಲಿದ್ದ ಶೆಮಾಯನೆಂಬವನು ಇದನ್ನು ಕೇಳಿ ಕೆರಳಿ, ಇಂಥವನಿಗೆ ಕೋಳ ಹಾಕಬಾರದೇ ಎಂದು ಯೆರೂಸಲೇಮಿನ ಯಾಜಕನಿಗೆ ಕಾಗದ ಬರೆದದ್ದೂ ಅದೇ ಅಧ್ಯಾಯದಲ್ಲಿದೆ.

ಜನ ಈ ಮಾತನ್ನು ಪಾಲಿಸಿದರೇ? ಇರಾಕಿನಲ್ಲಿ ಸಿಕ್ಕ ಕೆಲವು ಮಣ್ಣಿನ ಹಲಗೆಗಳು ಆಲ್-ಯಾಹೂದು, ಅಂದರೆ ಯೆಹೂದದ ಊರು, ಎಂಬ ಹೆಸರಿನ ನೆಲೆಯೊಂದನ್ನು ತಿಳಿಸುತ್ತವೆ. ಅವು ಕ್ರಿಸ್ತಪೂರ್ವ 572ರಿಂದ ಮುಂದಿನ ಸುಮಾರು ನೂರು ವರ್ಷಗಳವು. ಅವುಗಳಲ್ಲಿ ಇರುವುದು ಗೇಣಿ, ಸಾಲ, ತೆರಿಗೆ, ಬಾರ್ಲಿ, ಖರ್ಜೂರದ ಲೆಕ್ಕ. ನಡುನಡುವೆ ಯೆಹೋವನ ಹೆಸರನ್ನು ಒಳಗೊಂಡ ವ್ಯಕ್ತಿನಾಮಗಳು. ಸೆರೆ ಹೋದವರು ಪರದೇಶದಲ್ಲಿ ಬೇರು ಬಿಟ್ಟೂ ಹೆಸರು ಉಳಿಸಿಕೊಂಡಿದ್ದರು.

ನಿಮ್ಮನ್ನು ಯಾರೂ ಸೆರೆ ಒಯ್ದಿಲ್ಲ, ದುಡಿಮೆಗಾಗಿ ಹೋಗಿದ್ದೀರಿ. ಆದ್ದರಿಂದ ಆ ಕಾಗದವನ್ನು ಅಕ್ಷರಶಃ ನಿಮಗೆ ಬರೆದದ್ದೆಂದು ನಾನು ಹೇಳಲಾರೆ. ಆದರೂ ರಾತ್ರಿ ಪಾಳಿಯಲ್ಲಿ ಭಾಷೆ ಬಾರದ ರೋಗಿಯೊಬ್ಬರ ನಾಡಿ ಹಿಡಿದು ನೋಡುವಾಗ ನೀವು ಆ ಪಟ್ಟಣದ ಕ್ಷೇಮವನ್ನೇ ಅರಸುತ್ತಿದ್ದೀರಿ. ಮಂಗಳೂರನ್ನು ನೆನೆದು ಅಳು ಬಂದರೆ ಅಳಿ. ಬಾಬೆಲಿನ ನದಿಗಳ ಬಳಿ ಕುಳಿತು ಅತ್ತವರ 137ನೇ ಕೀರ್ತನೆಯನ್ನೂ ಇದೇ ಬೈಬಲ್ ಉಳಿಸಿಕೊಂಡಿದೆ.

ಪ್ರಶ್ನೆ: ಬೈಬಲ್ ತೋಟದಲ್ಲಿ ಶುರುವಾಗಿ ಪಟ್ಟಣದಲ್ಲಿ ಮುಗಿಯುವುದೇಕೆ? ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಹೊಸ ಯೆರೂಸಲೇಮಿಗೆ ಹೇಳಿದ ಅಳತೆಗಳ ಅರ್ಥವೇನು? (ಮೈಸೂರಿನ ಓದುಗರು)

ದೇವರು ಮನುಷ್ಯನನ್ನು ಮೊದಲ ಮನುಷ್ಯರಿದ್ದ ಏದೆನ್ ತೋಟಕ್ಕೆ ಹಿಂದಕ್ಕೆ ಕಳಿಸಬಹುದಿತ್ತು. ಕಳಿಸಲಿಲ್ಲ. ಮನುಷ್ಯ ಭಯದಿಂದ ಶುರುಮಾಡಿದ ಊರನ್ನೇ ಎತ್ತಿಕೊಂಡು ಶುದ್ಧಮಾಡಿ, ಅದರ ಬೀದಿಯ ನಡುವೆ ನದಿಯನ್ನೂ ಜೀವವೃಕ್ಷವನ್ನೂ ತಂದಿಟ್ಟ. ನನ್ನ ಓದಿನಲ್ಲಿ ಇಡೀ ಶಾಸ್ತ್ರದ ಅತಿ ದೊಡ್ಡ ಕರುಣೆಗಳಲ್ಲಿ ಇದೊಂದು.

ಅಳತೆಗಳನ್ನು ಎಂಜಿನಿಯರರಂತೆ ಓದಬೇಡಿ. ಉದ್ದ, ಅಗಲ, ಎತ್ತರ ಮೂರೂ 12,000 ಸ್ತಾದ್ಯ. ನಮ್ಮ ಲೆಕ್ಕದಲ್ಲಿ ಒಂದೊಂದೂ 2,200 ಕಿಲೋಮೀಟರ್ ಆಸುಪಾಸು. ಉದ್ದ ಅಗಲ ಎತ್ತರ ಸಮನಾಗಿದ್ದ ಇನ್ನೊಂದು ಜಾಗ ಹಳೆಯ ಒಡಂಬಡಿಕೆಯಲ್ಲಿದೆ: ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳ, ಇಪ್ಪತ್ತು ಮೊಳದ ಚೌಕ ಕೋಣೆ. ಅಲ್ಲಿಗೆ ವರ್ಷಕ್ಕೊಂದು ದಿನ ಮಹಾಯಾಜಕನೊಬ್ಬನೇ ಹೋಗಬಹುದಿತ್ತು. ಈಗ ಪಟ್ಟಣವೇ ಆ ಕೋಣೆಯಾಗಿದೆ, ಆದ್ದರಿಂದಲೇ ಅಲ್ಲಿ ದೇವಾಲಯ ಕಾಣಲಿಲ್ಲ ಎನ್ನುತ್ತಾನೆ ಪ್ರಕಟನೆಯನ್ನು ಬರೆದ ಯೋಹಾನ.

ಇದಕ್ಕೆ ಮೂರು ಅಧ್ಯಾಯ ಹಿಂದೆ ಇನ್ನೊಂದು ಪಟ್ಟಣ ಬೀಳುತ್ತದೆ. ಅದನ್ನು ಅವನು ಬಾಬೆಲ್ ಎಂದು ಕರೆದರೂ ಏಳು ಬೆಟ್ಟಗಳ ರೋಮ್ ಎಂದು ಅಂದಿನ ಓದುಗರಿಗೆ ಗೊತ್ತಿತ್ತು. ಅಲ್ಲಿಯ ವರ್ತಕರ ಸರಕಿನ ಪಟ್ಟಿ ಚಿನ್ನದಿಂದ ಶುರುವಾಗಿ ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಎಣ್ಣೆ, ಗೋದಿ, ಕುರಿ, ಕುದುರೆ ಎಂದು ಸಾಗಿ ಕೊನೆಯಲ್ಲಿ ಮನುಷ್ಯರ ಪ್ರಾಣಗಳಿಗೆ ಬಂದು ನಿಲ್ಲುತ್ತದೆ. ಗುಲಾಮರು ಆ ಪಟ್ಟಿಯ ಕಟ್ಟಕಡೆಯ ಸರಕು.

ಹೊಸ ಯೆರೂಸಲೇಮಿಗೆ ದಿಕ್ಕಿಗೆ ಮೂರರಂತೆ ಹನ್ನೆರಡು ಬಾಗಿಲು. ಕತ್ತಲಾದೊಡನೆ ಊರ ಬಾಗಿಲಿಗೆ ಅಗುಳಿ ಹಾಕುವುದನ್ನು ನೋಡುತ್ತ ಬೆಳೆದವರಿಗೆ ಯೋಹಾನ ಬರೆಯುತ್ತಾನೆ: ಇವು ಹಗಲಲ್ಲಿ ಮುಚ್ಚುವುದಿಲ್ಲ, ರಾತ್ರಿಯಂತೂ ಅಲ್ಲಿ ಇಲ್ಲವೇ ಇಲ್ಲ. ಸುಳ್ಳು, ಕೊಲೆ ಒಳಗೆ ಬರಲಾರವು ಎಂಬ ಎಚ್ಚರಿಕೆಯೂ ಪಕ್ಕದಲ್ಲೇ ಇದೆ, ಅದನ್ನು ಮುಚ್ಚಿಡಬಾರದು. ಆದರೆ ಜನಾಂಗಗಳು ತಮ್ಮ ವೈಭವವನ್ನು ಹೊತ್ತು ಒಳಗೆ ಬರುತ್ತವೆ, ಮರದ ಎಲೆಗಳು ಆ ಜನಾಂಗಗಳನ್ನೇ ವಾಸಿಮಾಡುತ್ತವೆ.

ಯೇಸು ಯೆರೂಸಲೇಮನ್ನು ನೋಡಿ ಅತ್ತದ್ದನ್ನು ಲೂಕನು ಬರೆದಿದ್ದಾನೆ. ಅದಾಗಿ ಕೆಲವೇ ದಿನಗಳಲ್ಲಿ ಅದೇ ಊರು ಅವನನ್ನು ಹೊರಗೆ ಕರೆದೊಯ್ದು ಶಿಲುಬೆಗೇರಿಸಿತು. ಅವನು ಬಾಧೆಪಟ್ಟದ್ದು ಊರ ಬಾಗಿಲಿನ ಆಚೆ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಒತ್ತಿ ಹೇಳುತ್ತದೆ. ಪ್ರಕಟನೆಯ 21ನೇ ಅಧ್ಯಾಯವನ್ನು ಓದುವ ಮುನ್ನ ಆ ಅಧ್ಯಾಯವನ್ನು ಒಮ್ಮೆ ಓದಿಕೊಳ್ಳಿ. ತೆರೆದ ಬಾಗಿಲುಗಳ ಆ ಪಟ್ಟಣದ ನಡುವೆ ಸಿಂಹಾಸನದಲ್ಲಿರುವವನು ಹೀಗೆ ಬಾಗಿಲಾಚೆ ಸತ್ತವನೇ.