ಕಾಫಿ ತೋಟದಲ್ಲಿ ಕುರಿ ಸಾಕುವವರು ಮೊದಲು ತಾಮ್ರದ ಲೆಕ್ಕ ನೋಡಿರಿ

ಸೋಮವಾರಪೇಟೆಯ ಸಹೋದರರೊಬ್ಬರು ಹೊಸದಾಗಿ ತಂದ ಆರು ಬಂಡೂರು ಕುರಿಗಳ ಚಿತ್ರವನ್ನು ನಮ್ಮ ಗುಂಪಿನಲ್ಲಿ ಹಾಕಿದ್ದಾರೆ. ಹಸುಗಳಿಗೆ ಕೊಡುವ ಖನಿಜ ಮಿಶ್ರಣವನ್ನೇ ಇವಕ್ಕೂ ಕೊಡುತ್ತಿರುವುದಾಗಿಯೂ, ಹಗಲು ಮೆಣಸಿನ ಬಳ್ಳಿಗಳ ಕೆಳಗೆ ಮೇಯಲು ಬಿಡುತ್ತಿರುವುದಾಗಿಯೂ ಬರೆದು, ಇನ್ನೇನು ಮಾಡಬೇಕೆಂದು ಕೇಳಿದ್ದಾರೆ. ಕೊಟ್ಟಿಗೆ, ಟಗರಿನ ವಯಸ್ಸು, ಮರಿಯ ಬೆಲೆ ಎಲ್ಲದಕ್ಕೂ ಗುಂಪಿನವರು ಉತ್ತರ ಕೊಟ್ಟಿದ್ದಾರೆ. ಮಿಶ್ರಣದ ಬಗ್ಗೆ ಮಾತ್ರ ಒಬ್ಬರೂ ಮಾತನಾಡಿಲ್ಲ. ಸಹೋದರರೇ, ಮೊದಲು ಎದ್ದು ಹೋಗಿ ಆ ಚೀಲವನ್ನು ಕುರಿಗಳ ಹತ್ತಿರದಿಂದ ತೆಗೆದಿಡಿ, ಆಮೇಲೆ ಉಳಿದದ್ದನ್ನು ಓದಿರಿ.

ಹಸುವಿನ ಮಿಶ್ರಣದಲ್ಲಿ ತಾಮ್ರ ಇರುತ್ತದೆ, ಹಸುವಿಗೆ ಅದು ಬೇಕು. ಕುರಿಗಾದರೋ ಹೆಚ್ಚಾದ ತಾಮ್ರವನ್ನು ಹೊರಹಾಕುವ ಶಕ್ತಿ ಬಹಳ ಕಡಿಮೆ. ತಿಂದದ್ದು ಪಿತ್ತಜನಕಾಂಗದಲ್ಲಿ (ಯಕೃತ್ತಿನಲ್ಲಿ) ವಾರಗಟ್ಟಲೆ, ತಿಂಗಳುಗಟ್ಟಲೆ ಸೇರುತ್ತಾ ಹೋಗುತ್ತದೆ. ಅಷ್ಟು ದಿನವೂ ಕುರಿ ಚೆನ್ನಾಗಿಯೇ ಮೇಯುತ್ತಿರುತ್ತದೆ. ಪ್ರಯಾಣವೋ, ನಾಲ್ಕು ದಿನದ ಜಡಿಮಳೆಯೋ, ಹೊಟ್ಟೆಗಿಲ್ಲದ ಒಂದು ದಿನವೋ ಬಂದಾಗ ಕೂಡಿಟ್ಟ ತಾಮ್ರವೆಲ್ಲ ಒಮ್ಮೆಲೇ ರಕ್ತಕ್ಕಿಳಿದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಒಂಬತ್ತು ವರ್ಷದ ಹಿಂದೆ ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ನಾನು ಮಾಡಿದ್ದೂ ಇದನ್ನೇ. ಏಳು ಹೆಣ್ಣು, ಒಂದು ಟಗರು. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆ ಹಿಡಿದ ಮೂರನೆಯ ದಿನ ಬೆಳಿಗ್ಗೆ ಒಂದು ಕುರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಅದರ ಕೆಳಗಿನ ಹುಲ್ಲಿನ ಮೇಲೆ ಬಿದ್ದ ಮೂತ್ರ ಗಟ್ಟಿ ಡಿಕಾಕ್ಷನ್ ಬಣ್ಣಕ್ಕಿತ್ತು. ನಾನು ಹುಳುವಿನ ಬಾಧೆಯೆಂದು ತಿಳಿದು ಜಂತುನಾಶಕ ಕುಡಿಸಿದೆ. ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದ್ದರೆ ಅಷ್ಟರಲ್ಲೇ ತಿಳಿಯುತ್ತಿತ್ತು: ಹೊಟ್ಟೆಹುಳು ರಕ್ತ ಹೀರಿದ್ದರೆ ರೆಪ್ಪೆಯ ಒಳಭಾಗ ಕಾಗದದಂತೆ ಬಿಳಿಚಿಕೊಂಡಿರುತ್ತದೆ, ತಾಮ್ರದ ನಂಜಾಗಿದ್ದರೆ ಅರಿಶಿನ ಬಳಿದಂತೆ ಹಳದಿಯಾಗಿರುತ್ತದೆ. ಮರುದಿನ ಅದು ಸತ್ತಿತು, ವಾರದೊಳಗೆ ಇನ್ನೂ ಮೂರು ಹೋದವು. ಪಶುವೈದ್ಯರು ಒಂದನ್ನು ಕೊಯ್ದು ಮೂತ್ರಪಿಂಡ ತೋರಿಸಿದರು, ಅದು ಕಪ್ಪಗಾಗಿತ್ತು. ಉಳಿದ ನಾಲ್ಕಕ್ಕೆ ಅವರು ಅಮೋನಿಯಂ ಮಾಲಿಬ್ಡೇಟ್ ಮತ್ತು ಸೋಡಿಯಂ ಸಲ್ಫೇಟ್ ಕೊಡಿಸಿದ್ದರಿಂದ ಅವು ಬದುಕಿದವು. ಆ ಔಷಧಿಯನ್ನು ವೈದ್ಯರು ಅಳತೆ ಹೇಳದೆ ನೀವಾಗಿಯೇ ಕೊಡಬಾರದು. ಮೂತ್ರ ಕೆಂಪಾದ ಮೇಲೆ ಉಳಿಯುವ ಕುರಿ ತೀರಾ ಕಡಿಮೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಅಪಾಯ ಮಿಶ್ರಣದ ಚೀಲಕ್ಕೇ ಮುಗಿಯುವುದಿಲ್ಲ. ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್) ಹಾಕುತ್ತೇವೆ, ಅದರಲ್ಲಿ ಸುಮಾರು 250 ಗ್ರಾಂ ತಾಮ್ರವೇ ಇರುತ್ತದೆ. ಕುರಿಯ ಮೇವಿನಲ್ಲಿ ಕಿಲೋಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಸಾಕು. ಮುಂಗಾರಿಗೆ ಮುಂಚೆ ಬಳ್ಳಿಗೂ ಅರೇಬಿಕಾ ಗಿಡಕ್ಕೂ ಹೊಡೆದದ್ದು ಕೆಳಗಿನ ಹುಲ್ಲಿನ ಮೇಲೆಯೇ ಸುರಿದಿರುತ್ತದೆ. ಮಳೆ ಬಂದು ತೊಳೆದುಹೋಯಿತು ಎಂದು ಸಮಾಧಾನ ಹೇಳಿಕೊಳ್ಳಬೇಡಿ. ತೊಳೆದದ್ದು ಅದೇ ಮಣ್ಣಿಗೆ ಇಳಿದಿರುತ್ತದೆ. ವರ್ಷವರ್ಷವೂ ಔಷಧಿ ಹೊಡೆಯುವ ತೋಟಕ್ಕೆ ನಾನು ಕುರಿ ಬಿಡುವುದೇ ಇಲ್ಲ. ಆಡು ತಾಮ್ರವನ್ನು ಕುರಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ ಎಂಬುದು ನಿಜವಾದರೂ, ದ್ರಾವಣ ಕಲಸಿದ ಡ್ರಮ್ಮಿನ ಹತ್ತಿರ ಅದನ್ನೂ ಬಿಡಬಾರದು.

ಮೂರನೆಯ ಅಪಾಯ ಗೊರಸು ಕೊಳೆತಕ್ಕೆ ಮಾಡುವ ಮೈಲುತುತ್ತಿನ ಪಾದಸ್ನಾನ. ಗುಂಪಿನಲ್ಲಿ ಇದನ್ನು ಮತ್ತೆ ಮತ್ತೆ ಸಲಹೆ ಮಾಡುತ್ತಿರುವವರು ದಯವಿಟ್ಟು ನಿಲ್ಲಿಸಬೇಕು, ಏಕೆಂದರೆ ಬಾಯಾರಿದ ಕುರಿ ಆ ತೊಟ್ಟಿಯ ನೀರನ್ನೇ ಕುಡಿಯುತ್ತದೆ. ಕಾಫಿಗೆ ಸಿಂಪಡಿಸುವ ಜಿಂಕ್ ಸಲ್ಫೇಟ್ ನಮ್ಮೆಲ್ಲರ ಮನೆಯಲ್ಲೂ ಇರುತ್ತದೆ. 10 ಲೀಟರ್ ನೀರಿಗೆ 1 ಕಿಲೋ ಕರಗಿಸಿ ಮೈಲುತುತ್ತಿನ ಬದಲು ಅದರಲ್ಲಿ ಕುರಿಗಳನ್ನು ನಿಲ್ಲಿಸಿರಿ, ಅದನ್ನೂ ಕುಡಿಯಲು ಬಿಡಬೇಡಿ.

ಹಾಗಾದರೆ ಮೇವೇನು? ಹಾಲುವಾಣದ ಸೊಪ್ಪು, ಹಲಸಿನ ಸೊಪ್ಪು ಧಾರಾಳವಾಗಿ ಕೊಡಬಹುದು, ಆದರೆ ಔಷಧಿ ಬೀಳದ ಬೇಲಿಯ ಮರಗಳಿಂದಲೇ ಕಡಿಯಿರಿ. ಬಳ್ಳಿ ಹಬ್ಬಿಸಿದ ಹಾಲುವಾಣದ ಕೊಂಬೆ ಬೇಡ. ಮಳೆಗಾಲಕ್ಕೆ ಪಿರಿಯಾಪಟ್ಟಣ ಕಡೆಯಿಂದ ರಾಗಿ ಹುಲ್ಲು ಏಪ್ರಿಲ್‌ನಲ್ಲೇ ತರಿಸಿಡಿ. ಕೊಯ್ಲಾದ ಗದ್ದೆಯಲ್ಲಿ ನೆಲ ಪೂರ್ತಿ ಒಣಗಿದ ಮೇಲೆ ಮೇಯಿಸಬಹುದು. ಕೆಸರಿರುವಾಗ ಬಸವನಹುಳುವಿನಿಂದ ಯಕೃತ್ತಿನ ಹುಳು ಹತ್ತುತ್ತದೆ, ಯಕೃತ್ತು ಹಾಳಾದ ಕುರಿಗೆ ತಾಮ್ರ ಇನ್ನೂ ಬೇಗ ಏರುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ತನಕ ಹೊರಗೆ ಬಿಡಬೇಡಿ, ಹುಳುವಿನ ಮರಿಗಳು ಒದ್ದೆ ಹುಲ್ಲಿನ ತುದಿಗೆ ಏರಿ ಕುಳಿತಿರುತ್ತವೆ.

ಜಂತುನಾಶಕದಲ್ಲಿ ನಾನು ಪ್ಯಾನಾಕ್ಯೂರ್ (ಫೆನ್‌ಬೆಂಡಜೋಲ್) ಬಳಸುತ್ತೇನೆ. ಅಲ್ಬೆಂಡಜೋಲ್ ಅಗ್ಗವೇ ಆದರೂ ಗರ್ಭ ಕಟ್ಟಿದ ಮೊದಲ ತಿಂಗಳಲ್ಲಿ ಕೊಡಬಾರದು, ಮತ್ತು ಟಗರು ಜೊತೆಗಿರುವ ಹಿಂಡಿನಲ್ಲಿ ಯಾವುದು ಗಬ್ಬವೆಂದು ಹೇಗೆ ತಿಳಿಯುತ್ತೀರಿ? ಕಣ್ಣಂದಾಜಿನಲ್ಲಿ ಕುಡಿಸದೆ ತೂಕ ಮಾಡಿಯೇ ಕುಡಿಸಿರಿ. ತಿಂಗಳಿಗೊಮ್ಮೆ ಸುಮ್ಮನೆ ಕುಡಿಸುವ ಬದಲು ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷಿಸಿದರೆ ಔಷಧಿಯ ಶಕ್ತಿ ಉಳಿಯುತ್ತದೆ. ಕರುಳುಬೇನೆಯ ಲಸಿಕೆ ಮೇ ತಿಂಗಳೊಳಗೆ ಆಗಬೇಕು.

ಮಂಡ್ಯದ ಒಣ ಸೀಮೆಯ ಈ ತಳಿಯನ್ನು ಮುಂಗಾರಿನ ಬಾಯಲ್ಲಿ ತಂದದ್ದು ಸರಿಯಲ್ಲ, ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ತರಬೇಕಿತ್ತು. ತಂದಾಗಿದೆ, ಆದ್ದರಿಂದ ಈ ವಾರವೇ ಹಸುಗಳಿಂದ ಬೇರ್ಪಡಿಸಿ, ಗಂಜಲ ಕೆಳಗಿಳಿಯುವಂತೆ ಎತ್ತರದ ಪಟ್ಟಿ ನೆಲ ಮಾಡಿಸಿರಿ. ಖನಿಜಕ್ಕೆ ಕುರಿಗೆಂದೇ ಮಾಡಿದ, ತಾಮ್ರ ಸೇರಿಸದ ಮಿಶ್ರಣ ಕೇಳಿ ತನ್ನಿ. ಸಿಗುವ ತನಕ ಕಲ್ಲುಪ್ಪು ಸಾಕು. ಅಂಗಡಿಯವರು ಎಲ್ಲಾ ಪ್ರಾಣಿಗೂ ಆಗುತ್ತದೆ ಎಂದರೆ ನಂಬಬೇಡಿ. ಈಗಿರುವ ಚೀಲದ ಹಿಂಬದಿಯ ಚಿತ್ರವನ್ನೂ, ಎಷ್ಟು ದಿನದಿಂದ ಕೊಡುತ್ತಿದ್ದೀರಿ ಎಂಬುದನ್ನೂ ಇಲ್ಲಿ ಹಾಕಿರಿ, ಇಂದು ರಾತ್ರಿಯೇ ನೋಡಿ ಹೇಳುತ್ತೇನೆ.